ಗದ್ದುಗೆಯ ಮೇಲೆ ಹಾದ ರಸ್ತೆ

ತಮ್ಮನ ಮೊಮ್ಮಗಳು ಅಂಬಿಕಾ ಈ ವರ್ಷ ಸರ್ವೇಯರ್ ಕೆಲಸಕ್ಕೆ ಸೇರಿದಳು. ಮೊದಲ ದಿನ ಕಚೇರಿಗೆ ಹೋಗಿ ಬಂದವಳೇ ನನ್ನ ಪಕ್ಕದಲ್ಲಿ ಕೂತು, “ಅಜ್ಜಾ, ನಿಮ್ಮ ಕಾಲದಾಗ ಕೆಲಸ ಹ್ಯಾಂಗಿತ್ತು? ಖರೇ ಹೇಳ್ರಿ, ಭಾಷಣ ಬ್ಯಾಡ” ಎಂದಳು. ಬಾಯಿಂದ ಹೇಳಹೊರಟರೆ ನನಗೆ ಬೈಗುಳ ಮೊದಲು ಬರುತ್ತದೆ, ವಿಷಯ ಆಮೇಲೆ. ಆದ್ದರಿಂದ ಬರೆಯುತ್ತಿದ್ದೇನೆ, ಅವಳಿಗೂ ಅವಳ ಜೊತೆ ಸೇರಿದ ಬೇರೆ ಹುಡುಗ ಹುಡುಗಿಯರಿಗೂ. ಯಾವಾಗ ಬಡ್ತಿ ಬಂತು, ಯಾವ ಸಾಹೇಬರು ಹಾರ ಹಾಕಿದರು ಎಂಬುದೆಲ್ಲ ಇದರಲ್ಲಿ ಇಲ್ಲ. ಅದನ್ನು ತಿಳಿದು ನಿಮಗೇನೂ ಆಗಬೇಕಾಗಿಲ್ಲ.

ನಮ್ಮದು ಬೀದರ ಕಡೆಯ ಮನೆತನ. ಮುತ್ತಜ್ಜ ನಿಜಾಮರ ಕಾಲದಲ್ಲಿ ಹೈದರಾಬಾದಿಗೆ ಬಂದು ಸರ್ಕಾರಿ ನೌಕರಿ ಹಿಡಿದರು. ಅಲ್ಲಿಂದ ಮನೆಯ ಗಂಡಸರು ಒಬ್ಬರಾದ ಮೇಲೊಬ್ಬರು ಯಾವುದಾದರೊಂದು ಕಚೇರಿಯ ಕುರ್ಚಿ ಸವೆಸಿದ್ದೇವೆ. ಮೆಹದಿಪಟ್ಟಣಂ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ಬಸ್ಸು ಹತ್ತಿದರೆ ಹಿಂದಿ. ನಾನು ನಗರ ಯೋಜನೆ ವಿಭಾಗದಲ್ಲಿದ್ದೆ. ರಸ್ತೆ ಅಳೆಯುವುದು, ನಕ್ಷೆ ಬರೆಯುವುದು, ಅಗಲೀಕರಣಕ್ಕೆ ಗುರುತು ಹಾಕುವುದು ನನ್ನ ಕೆಲಸ. ರಸ್ತೆಗಳಿಗೆ ಹೆಸರಿಡುವ ಕಡತಗಳೂ ನನ್ನ ಮೇಜಿಗೇ ಬರುತ್ತಿದ್ದವು, ಏಕೆಂದರೆ ಬೇರೆ ಯಾರಿಗೂ ಅವು ಬೇಡವಾಗಿದ್ದವು. ಕನ್ನಡ ಮಾತಾಡುವ ಯಾರೇ ಬಂದರೂ ಜವಾನ “ಬಿರಾದಾರ್ ಸಾಬ್ ಕೆ ಪಾಸ್ ಜಾವ್” ಎಂದು ನನ್ನತ್ತ ಕಳಿಸುತ್ತಿದ್ದ.

ನನಗೆ ಕೆಲಸ ಕಲಿಸಿದವರು ಖಾದ್ರಿ ಸಾಹೇಬರು. ಬಾಯಲ್ಲಿ ಸದಾ ಪಾನು, ಕೈಯಲ್ಲಿ ಕೊಡೆ, ಬೈಯುವಾಗಲೂ ‘ಆಪ್’ ಎಂದೇ ಬೈಯುವ ಮನುಷ್ಯ. ಆಗ ಅಳತೆಯೆಲ್ಲ ಸರಪಳಿಯಲ್ಲಿ. ಗಲ್ಲಿಯ ಈ ತುದಿಯಿಂದ ಆ ತುದಿಗೆ ಸರಪಳಿ ಎಳೆದುಕೊಂಡು ಹೋದರೆ ಇಡೀ ಗಲ್ಲಿಯೇ ಹೊರಗೆ ಬರುತ್ತಿತ್ತು. ಯಾಕೆ ಅಳೆಯುತ್ತೀರಿ, ಯಾರ ಮನೆ ಹೋಗುತ್ತದೆ ಎಂದು ಕೇಳುವವರು, ಚಹಾ ಕೊಡುವವರು, ಶಾಪ ಹಾಕುವವರು. ಒಮ್ಮೆ ಒಂದು ಗೋಡೆಯ ಪಕ್ಕದ ಸಣ್ಣ ದಿಬ್ಬವನ್ನು ನಾನು ‘ಮಣ್ಣಿನ ಗುಡ್ಡೆ’ ಎಂದು ಬರೆದೆ. ಖಾದ್ರಿ ಸಾಹೇಬರು ಹತ್ತಿರದ ಮನೆಯ ಮುದುಕಿಯನ್ನು ಕರೆದು ಕೇಳಿದರು. ಅದು ಯಾರೋ ಫಕೀರನ ಗೋರಿ. “ಬಿರಾದಾರ್ ಸಾಬ್, ಮೊದಲು ಜನರನ್ನು ಕೇಳಿ, ಆಮೇಲೆ ಸರಪಳಿ ಬಿಚ್ಚಿ” ಎಂದು ಉರ್ದುವಿನಲ್ಲಿ ಬೈದರು. ಆ ಗಲ್ಲಿಯ ರಸ್ತೆ ಇವತ್ತಿಗೂ ಆ ಗೋರಿಯನ್ನು ಬಳಸಿಕೊಂಡು ಹೋಗುತ್ತದೆ.

ಆಮೇಲೆ ಐ.ಟಿ. ಕಂಪನಿಗಳು ಬಂದವು. ಕೊಂಡಾಪುರದ ಬಂಡೆಗಳನ್ನು ಸಿಡಿಸಿ ಗಾಜಿನ ಕಟ್ಟಡ ಎಬ್ಬಿಸತೊಡಗಿದರು. ಎಲ್ಲರಿಗೂ ಅವಸರ. ನಮ್ಮ ಸರಪಳಿಗಳು ಗೋದಾಮಿಗೆ ಹೋದವು, ಅಳತೆಯ ಕೆಲಸ ಖಾಸಗಿಯವರ ಪಾಲಾಯಿತು. ಅವರ ಹುಡುಗರು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಟೋಟಲ್ ಸ್ಟೇಷನ್ ಎಂಬ ಯಂತ್ರ ಇಟ್ಟು, ದೂರದಿಂದಲೇ ನೋಡಿ, ಬೆಳಿಗ್ಗೆ ಬಂದು ಮಧ್ಯಾಹ್ನಕ್ಕೆ ಮುಗಿಸುತ್ತಿದ್ದರು. ಯಂತ್ರದ ಅಳತೆ ನಮ್ಮದಕ್ಕಿಂತ ಶುದ್ಧ, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಯಾರ ಜೊತೆಯೂ ಮಾತಾಡುವ ಅಗತ್ಯವೇ ಉಳಿಯಲಿಲ್ಲ. ಇನ್ನೊಂದು ಬದಲಾವಣೆಯೂ ಆಯಿತು. ಮೊದಲು ಒಂದು ರಸ್ತೆಗೆ ಬಟ್ಟೆಯ ಮೇಲೆ ಬರೆದ ಒಂದೇ ಮೂಲ ನಕ್ಷೆ. ಅದರಲ್ಲಿ ತಿದ್ದಿದರೆ ಎಲ್ಲರಿಗೂ ತಿದ್ದಿದಂತೆ. ಈಗ ಕಂಪ್ಯೂಟರಿನಿಂದ ಬೇಕಾದಷ್ಟು ಪ್ರಿಂಟು. ನನ್ನ ಮೇಜಿನ ಮೇಲೊಂದು, ಎಂಜಿನಿಯರರ ಬಳಿಯೊಂದು, ಗುತ್ತಿಗೆದಾರನ ಜೀಪಿನಲ್ಲೊಂದು. ಒಂದರಲ್ಲಿ ತಿದ್ದಿದ್ದು ಇನ್ನೊಂದಕ್ಕೆ ಗೊತ್ತಾಗುತ್ತಿರಲಿಲ್ಲ.

ಹೆಸರಿಡುವ ಕೆಲಸದಲ್ಲಿ ನಗು ಬರುವಂಥದ್ದೂ ಇತ್ತು. ಬದುಕಿರುವವರ ಹೆಸರನ್ನು ರಸ್ತೆಗೆ ಇಡಬಾರದೆಂಬುದು ನಮ್ಮ ಕಚೇರಿಯ ರೂಢಿ. ಒಬ್ಬ ಬಿಲ್ಡರ್ ತನ್ನ ಬಡಾವಣೆಯ ರಸ್ತೆಗೆ ‘ಸ್ವರ್ಗೀಯ’ ತಂದೆಯ ಹೆಸರು ಇಡಿಸಿದ. ಫಲಕ ಹಾಕಿದ ಸ್ವಲ್ಪ ದಿನಕ್ಕೆ ಆ ತಂದೆಯೇ ಕೋಲೂರಿಕೊಂಡು ಬಂದು, ಮನೆಯ ಮುಂದೆ ಮೋರಿ ಕಟ್ಟಿಕೊಂಡಿದೆ ಎಂದು ನಮ್ಮಲ್ಲಿ ದೂರು ಕೊಟ್ಟರು. ಹೆಸರು ಕೇಳಿ ನಾನು ಎದ್ದು ನಿಂತೆ. ಒಳಗೆ ಹೋಗಿ ನಮ್ಮ ವಿಭಾಗದ ಮೇಲಧಿಕಾರಿ ರಾವ್ ಸಾಹೇಬರಿಗೆ ಹೇಳಿದರೆ ಅವರು ಕಡತದಿಂದ ತಲೆ ಎತ್ತದೆ, “ಫಲಕ ಇರಲಿ ಬಿಡಿ ಬಿರಾದಾರ್ ಗಾರು, ಸ್ವಲ್ಪ ವರ್ಷದಲ್ಲಿ ತಾನೇ ಸರಿಹೋಗುತ್ತದೆ” ಎಂದರು. ರಾವ್ ಸಾಹೇಬರು ಕೆಟ್ಟವರಲ್ಲ. ಮೇಲಿನವರು ಏನೆಂದಾರು ಎಂಬ ಭಯದಲ್ಲಿಯೇ ಇಡೀ ನೌಕರಿ ಮುಗಿಸಿದವರು.

ಶರಣಮ್ಮನ ವಿಷಯ ಹೀಗೆ ನಗುತ್ತ ಹೇಳುವಂಥದ್ದಲ್ಲ. ಅವಳು ಯಾದಗಿರಿ ಕಡೆಯವಳು. ಗಂಡ ತೀರಿಕೊಂಡ ಮೇಲೆ ಮಗಳು ನೀಲಮ್ಮನನ್ನು ಬಗಲಲ್ಲಿ ಎತ್ತಿಕೊಂಡು, ಊರಿನವರ ಗುಂಪಿನ ಜೊತೆ ಹೈದರಾಬಾದಿಗೆ ಮಣ್ಣು ಹೊರಲು ಬಂದಳು. ಆಗ ಕೊಂಡಾಪುರ ಇನ್ನೂ ಹಳ್ಳಿ. ಗುಂಪಿನವರಿಗೆ ಇಲ್ಲಿಯ ಅನ್ನ ಮೈಗೆ ಹತ್ತಲಿಲ್ಲ. ಕೆಲಸ ಬಿಟ್ಟ ಮೇಲೆ ಶರಣಮ್ಮ ಮೂರು ಕಲ್ಲು ಹೂಡಿ ಎಲ್ಲರಿಗೂ ಜೋಳದ ರೊಟ್ಟಿ ಬಡಿಯತೊಡಗಿದಳು. ಬರಬರುತ್ತ ಮಣ್ಣು ಹೊರುವುದು ಬಿಟ್ಟು ರೊಟ್ಟಿಗೇ ಕೂತಳು. ಕೆಲವು ವರ್ಷಗಳಲ್ಲಿ ಒಂದು ತಗಡಿನ ಖಾನಾವಳಿ, ಅದರ ಹಿಂದೆ ಸ್ವಂತದ ಒಂದು ತುಂಡು ಜಾಗ. ಕಂಪನಿಗಳು ಬಂದ ಮೇಲೆ ಅವಳ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಅವರ ಕ್ಯಾಂಟೀನುಗಳಿಗೂ ಹೋಗತೊಡಗಿದವು. ನಮ್ಮ ಕಡೆಯಿಂದ ಬಂದ ಎಷ್ಟೋ ಹೆಣ್ಣುಮಕ್ಕಳು ಮಣ್ಣಿನ ಬುಟ್ಟಿ ಇಳಿಸಿ ಅವಳ ಒಲೆಯ ಮುಂದೆ ಕೂತು ಹೊಟ್ಟೆ ಹೊರೆದರು.

ಆ ಕಡೆ ಗುರುತು ಹಾಕಲು ಹೋದಾಗ ನಾನು ಉಣ್ಣುತ್ತಿದ್ದದ್ದು ಅಲ್ಲಿಯೇ. ಮೊದಲ ಸಲ ಗೊತ್ತಿಲ್ಲದೆ ಅನ್ನ ಕೇಳಿದೆ. “ಬೀದರ ಕಡ್ಯಾವ್ರು ಅಂತೀರಿ, ಅನ್ನ ಬೇಡ್ತೀರಿ. ನಾಚಿಕಿ ಬರೂದಿಲ್ಲೇನ್ರಿ ಸಾಹೇಬ್ರ?” ಎಂದು ಎಲ್ಲರ ಮುಂದೆ ಕೇಳಿದಳು. ಕೊರಳಿಗೆ ಗುರುತಿನ ಬಿಲ್ಲೆ ಹಾಕಿಕೊಂಡ ಸಾಫ್ಟ್‌ವೇರ್ ಹುಡುಗರು ರೊಟ್ಟಿ ಅರ್ಧಕ್ಕೆ ಬಿಟ್ಟು ಎದ್ದರೆ ಅವರನ್ನೂ ಬಿಡುತ್ತಿರಲಿಲ್ಲ. “ಬೈಠೋ, ಬೈಠೋ, ಪೂರಾ ಖಾಕೆ ಉಠೋ” ಎಂದು ಗದರಿಸಿ ಕೂರಿಸುತ್ತಿದ್ದಳು. ಅವರೂ ಮುಖ ಸಣ್ಣದು ಮಾಡಿಕೊಂಡು ಕೂತು ತಿನ್ನುತ್ತಿದ್ದರು.

ಒಂದು ಬೇಸಿಗೆಯಲ್ಲಿ ಎದೆನೋವು ಬಂದು, ಆಸ್ಪತ್ರೆ ಮುಟ್ಟುವ ಮೊದಲೇ ಶರಣಮ್ಮ ಹೋಗಿಬಿಟ್ಟಳು. ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಸುಡುವುದಿಲ್ಲ. ಕೂತ ಭಂಗಿಯಲ್ಲಿ, ಅಂಗೈಯಲ್ಲಿ ಇಷ್ಟಲಿಂಗ ಇಟ್ಟು, ವಿಭೂತಿ, ಬಿಲ್ವಪತ್ರೆಗಳ ಜೊತೆ ಮಣ್ಣು ಮಾಡುತ್ತೇವೆ. ಅಲ್ಲಿಯ ಸ್ಮಶಾನದ ಕಾವಲುಗಾರ, ಇಲ್ಲಿ ಸುಡುವುದು ಮಾತ್ರ ಎಂದ. ಬೇಸಿಗೆಯ ಬಿಸಿಲು, ಕಾಯುವಂತಿರಲಿಲ್ಲ. ಕಡೆಗೆ ನೀಲಮ್ಮ ಖಾನಾವಳಿಯ ಹಿಂದಿನ ತಮ್ಮದೇ ಜಾಗದಲ್ಲಿ ಕುಣಿ ತೋಡಿಸಿದಳು. ಅವತ್ತು ನಾನೂ ಹೋಗಿ ಒಂದು ಹಿಡಿ ಮಣ್ಣು ಹಾಕಿ ಬಂದೆ. ಆಮೇಲೆ ಅದರ ಮೇಲೆ ಇಟ್ಟಿಗೆಯ ಗದ್ದುಗೆ ಕಟ್ಟಿ ಸುಣ್ಣ ಬಳಿಸಿದರು. ಮಂಡಿಯೆತ್ತರದ್ದು, ಒಂದು ಬದಿಗೆ ದೀಪ ಇಡಲು ಸಣ್ಣ ಗೂಡು. ಹೆಸರಿಲ್ಲ, ಫೋಟೋ ಇಲ್ಲ. ದಿನಾ ಬೆಳಿಗ್ಗೆ ಅಲ್ಲಿ ದೀಪ ಹಚ್ಚಿದ ಮೇಲೆಯೇ ನೀಲಮ್ಮ ಒಲೆ ಹೊತ್ತಿಸುತ್ತಿದ್ದಳು.

ಆ ಗಲ್ಲಿಯನ್ನು ದೊಡ್ಡ ರಸ್ತೆ ಮಾಡಿ ಎರಡು ಕಂಪನಿಗಳ ಆವರಣಗಳನ್ನು ಜೋಡಿಸಬೇಕೆಂದು ಯೋಜನೆ ಬಂತು. ಯಂತ್ರದ ಹುಡುಗರು ಹೋಗಿ ಅಳೆದು ಬಂದರು. ನಕ್ಷೆಯ ಪ್ರಿಂಟು ನನ್ನ ಮೇಜಿಗೆ ಬಂದಾಗ ನೋಡಿದೆ. ಖಾನಾವಳಿ ‘ಶೆಡ್’ ಆಗಿತ್ತು. ಗದ್ದುಗೆ ‘ಕಟ್ಟೆ, ತೆಗೆಯುವುದು’ ಎಂದಾಗಿತ್ತು. ರಸ್ತೆಯ ನಡುಗೆರೆ ಅದರ ಮೇಲೆಯೇ ಹಾದಿತ್ತು. ಅಳೆಯಲು ಹೋದವನನ್ನು ಕರೆಸಿ ಕೇಳಿದೆ. “ಹೌದು ಸರ್, ಬಿಳಿ ಕಟ್ಟೆ. ನಾವು ಅದರ ಮೇಲೆಯೇ ಕೂತು ಟಿಫಿನ್ ಮಾಡಿದೆವು. ಒಬ್ಬ ಹೆಂಗಸು ಬಂದು ಬೈದು ಎಬ್ಬಿಸಿದಳು” ಎಂದ. ಯಾಕೆ ಬೈದಳೆಂದು ಕೇಳಿದೆಯಾ ಎಂದರೆ, ಇಲ್ಲ ಸರ್, ಎಲ್ಲ ಕಡೆಯೂ ಬೈಯುತ್ತಾರಲ್ಲ ಎಂದ. ಅವನ ಕಪಾಳಕ್ಕೆ ಬಾರಿಸಬೇಕೆನಿಸಿತು. ಆದರೆ ಅವನ ಮುಖದಲ್ಲಿ ಸುಳ್ಳೇನೂ ಇರಲಿಲ್ಲ.

ಪ್ರಿಂಟು ಹಿಡಿದುಕೊಂಡು ರಾವ್ ಸಾಹೇಬರ ಕೋಣೆಗೆ ಹೋದೆ. “ಸರ್, ಇದು ಕಟ್ಟೆಯಲ್ಲ, ಸಮಾಧಿ. ಒಳಗೆ ಶರಣಮ್ಮ ಇದ್ದಾಳೆ.”

“ಹಿಂದೂ ಹೆಂಗಸಲ್ಲವೇ? ಸುಟ್ಟಿರಬೇಕಲ್ಲ?”

“ನಾವು ಹೂಳುತ್ತೇವೆ ಸರ್.”

“ನಿಮ್ಮಲ್ಲೂ?” ಎಂದು ಅವರು ನನ್ನನ್ನು ಮೊದಲ ಸಲ ನೋಡುವವರಂತೆ ನೋಡಿದರು. ಎಷ್ಟೋ ವರ್ಷ ಒಂದೇ ಕಚೇರಿಯಲ್ಲಿ ಕೂತಿದ್ದೆವು, ನನ್ನ ಅಪ್ಪ ಸತ್ತಾಗ ಅವರು ಮನೆಗೆ ಬಂದು ಸಮಾಧಾನ ಹೇಳಿದ್ದರು. ಹಸಿರು ಚಾದರ ಕಂಡರೆ ಗೋರಿ, ಶಿಲುಬೆ ಕಂಡರೆ ಸಮಾಧಿ. ಹಣೆಗೆ ವಿಭೂತಿ ಹಚ್ಚುವವರೂ ಮಣ್ಣಿನೊಳಗೆ ಕೂತಿರುತ್ತಾರೆಂದು ನಮ್ಮ ಕಚೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ರಾವ್ ಸಾಹೇಬರು ಮೇಲಕ್ಕೆ ಬರೆದರು. ರಸ್ತೆಯನ್ನು ಸ್ವಲ್ಪ ಬಾಗಿಸಬಹುದೇ ಎಂದು ಕೇಳಿದ್ದರು. ಬಾಗಿಸಿದರೆ ಎದುರು ಬದಿಯ ಕಂಪನಿಯ ಕಾಂಪೌಂಡು ಹೋಗುತ್ತದೆ, ಆಗದು ಎಂದು ಉತ್ತರ ಬಂತು. ಆಗ ಅವರು ಬಾಗಿಲು ಹಾಕಿಸಿ ನನಗೆ ಮೆಲ್ಲಗೆ ಹೇಳಿದರು: “ಬಿರಾದಾರ್ ಗಾರು, ಒಂದು ಉಪಾಯ ಇದೆ. ಅದರ ಮೇಲೆ ಒಂದು ಕಲ್ಲು ನಿಲ್ಲಿಸಿ, ಕುಂಕುಮ ಹಚ್ಚಿ, ಒಂದು ಗಂಟೆ ಕಟ್ಟಲಿ. ಗುಡಿ ಇದೆ ಎಂದು ನಾನು ಬರೆಯುತ್ತೇನೆ. ಗುಡಿ ಒಡೆಯಲು ಯಾರಿಗೂ ಧೈರ್ಯವಿಲ್ಲ.” ಅದು ನಿಜವೇ. ಈ ಊರಿನಲ್ಲಿ ಹಾಗೆ ಬದುಕಿಕೊಂಡ ಜಾಗಗಳು ಎಷ್ಟೋ ಇವೆ.

ನಾನು ಹೋಗಿ ನೀಲಮ್ಮನಿಗೆ ಹೇಳಿದೆ. ಅವಳಿಗೆ ಆಗ ಮೂವತ್ತು ದಾಟಿರಲಿಲ್ಲ. ತಾಯಿಯಂತೆಯೇ ಗಟ್ಟಿ ದನಿ. ನನ್ನನ್ನು ಕಾಕಾ ಎನ್ನುತ್ತಿದ್ದಳು. ಬಡಿಯುತ್ತಿದ್ದ ರೊಟ್ಟಿಯನ್ನು ಹಂಚಿಗೆ ಹಾಕಿ, “ನಮ್ಮವ್ವ ದೇವರಲ್ರಿ ಕಾಕಾ, ರೊಟ್ಟಿ ಬಡದಾಕಿ” ಎಂದಳು. “ಸುಳ್ಳು ಗುಡಿ ಕಟ್ಟಿ ಕುಂದರ್ಸಿದ್ರ ಅಕೀನ ಎದ್ದು ಬಂದು ಬಾರಿಗಿ ತಗೊಂಡು ಬಡೀತಾಳ. ಕೊಳ್ಳಾಗ ಲಿಂಗ ಕಟಗೊಂಡು ಕಲ್ಲಿಗೆ ಗಂಟಿ ಬಾರಿಸ್ಲೇನು?” ನಾನೂ ಲಿಂಗ ಕಟ್ಟಿದವನೇ, ಆ ಸಲಹೆಯನ್ನು ನನ್ನ ಬಾಯಿಂದ ಆಡಿದ್ದಕ್ಕೆ ಮುಜುಗರವಾಯಿತು.

ಮುಂದಿನ ವಾರ ಆ ಕಡೆಯ ಮುಖಂಡರೊಬ್ಬರು ಹೊಸ ಮಾತು ತಂದರು. ಹೊಸ ರಸ್ತೆಗೆ ಶರಣಮ್ಮನ ಹೆಸರನ್ನೇ ಇಡೋಣ ಎಂದರು. ಹೊರಗಿನಿಂದ ಬರಿಗೈಯಲ್ಲಿ ಬಂದು ನಮ್ಮ ಊರಿನಲ್ಲಿ ಉದ್ಯಮ ಕಟ್ಟಿದ ಹೆಣ್ಣುಮಗಳು, ಅವಳಿಗೆ ಗೌರವ, ಕಂಪನಿಯವರೂ ಸಂತೋಷಪಡುತ್ತಾರೆ, ಪತ್ರಿಕೆಯಲ್ಲೂ ಬರುತ್ತದೆ. ಮಗಳು ಮಾತ್ರ ಆ ‘ಕಟ್ಟೆ’ಯ ವಿಷಯ ಬಿಡಬೇಕು. ಅವರು, ರಾವ್ ಸಾಹೇಬರು, ನಾನು ಮೂವರೂ ಖಾನಾವಳಿಗೆ ಹೋಗಿ ಬೆಂಚಿನ ಮೇಲೆ ಕೂತೆವು. ನೀಲಮ್ಮ ಅವರ ತೆಲುಗನ್ನು ಪೂರ್ತಿ ಕೇಳಿಸಿಕೊಂಡು, ಆಮೇಲೆ ನನ್ನತ್ತ ತಿರುಗಿ ಕನ್ನಡದಲ್ಲಿ ಶುರುಮಾಡಿದಳು.

“ಹೆಸರು ಕೊಟ್ಟು ಅವ್ವನ್ನ ಕಸಗೋತಾರೇನ್ರಿ ಕಾಕಾ? ಮಣ್ಣಾಗ ಕುಂತಾಕಿನ್ನ ಎಬ್ಬಿಸಿ, ಅಕಿ ಹೆಸರಿನ ರೋಡಿನ ಮ್ಯಾಲೆ ಲಾರಿ ಹಾಯಸ್ತಾರ? ಜನ ಉಗುಳ್ತಾರ? ಇದು ಗೌರವ ಅಂತ ಇವರಿಗೆ ಯಾರು ಹೇಳ್ಯಾರ?”

“ಏನಂತೆ?” ಎಂದು ಮುಖಂಡರು ಕೇಳಿದರು. ಯೋಚನೆ ಮಾಡುತ್ತಾಳಂತೆ ಎಂದೆ. ರಾವ್ ಸಾಹೇಬರಿಗೆ ಕನ್ನಡ ಬಾರದಿದ್ದರೂ ಅವಳ ದನಿಯಿಂದಲೇ ಅರ್ಥವಾಗಿ, ತಲೆ ತಗ್ಗಿಸಿ ರೊಟ್ಟಿಯ ಬುಟ್ಟಿಯನ್ನೇ ನೋಡುತ್ತ ಕೂತಿದ್ದರು.

ನೀಲಮ್ಮ ವಕೀಲರನ್ನು ಕಂಡಳು, ಮಠಗಳಿಗೆ ಅಲೆದಳು, ಎಲ್ಲ ಕಡೆಯೂ ಆಗದೆಂದು ಕೈಚೆಲ್ಲಿದರು. ಕಡೆಗೆ ಒಂದು ದಿನ ಕಚೇರಿಗೆ ಬಂದು ನನ್ನ ಎದುರು ಕೂತಳು. “ಸರ್ಕಾರದ ಜೋಡಿ ಬಡದಾಡಾಕ ನನ್ನ ಕೈಲೆ ಆಗೂದಿಲ್ಲ ಕಾಕಾ. ಅವ್ವನ್ನ ಒಯ್ತೀನಿ. ಪಟಾನ್‌ಚೆರು ಆಚೀಕ ನಮ್ಮ ಮಂದೀದು ರುದ್ರಭೂಮಿ ಐತಿ, ಜಾಗಾ ಕೊಡ್ತೀವಿ ಅಂದಾರ. ಆದ್ರ ಸ್ವಾಮಿಗಳು ಬಂದು, ಪೂಜಿ ಮಾಡಿ, ಕೈಲೆ ಎತ್ತಬೇಕು. ಮಷೀನ್ ಹಚ್ಚಬಾರ್ದು. ಬೀದರದಿಂದ ಸ್ವಾಮಿಗಳು ಸೋಮವಾರ ಬರ್ತಾರ. ಅಲ್ಲೀತನಕ ಯಾರೂ ಮುಟ್ಟಬಾರ್ದು. ಹೆಸರು ಮಾತ್ರ ನನಗ ಬ್ಯಾಡ.”

ಅವಳು ಕೇಳಿದ್ದು ಅಷ್ಟೇ. ತಾಯಿಯನ್ನು ಮರ್ಯಾದೆಯಿಂದ ಎತ್ತಿಕೊಂಡು ಹೋಗಲು ಸೋಮವಾರದವರೆಗೆ ಸಮಯ. ರಾವ್ ಸಾಹೇಬರು ಒಪ್ಪಿ, ನನ್ನ ಎದುರೇ ಎಂಜಿನಿಯರರಿಗೆ ಫೋನು ಮಾಡಿದರು. ನಾನು ನನ್ನ ಪ್ರಿಂಟಿನಲ್ಲೂ ಎಂಜಿನಿಯರರ ಪ್ರಿಂಟಿನಲ್ಲೂ ‘ಕಟ್ಟೆ’ ಹೊಡೆದುಹಾಕಿ ಕೆಂಪು ಪೆನ್ಸಿಲಿನಿಂದ ‘ಸಮಾಧಿ, ಮುಟ್ಟಬಾರದು’ ಎಂದು ಬರೆದೆ. ಗುತ್ತಿಗೆದಾರನಿಗೆ ಹೇಳುತ್ತೇನೆಂದು ಎಂಜಿನಿಯರರು ಹೇಳಿದರು. ಹೇಳಿದರೋ ಇಲ್ಲವೋ ಇವತ್ತಿಗೂ ನನಗೆ ತಿಳಿಯದು.

ಶನಿವಾರ ಬೆಳಿಗ್ಗೆ ನೀಲಮ್ಮ ರುದ್ರಭೂಮಿಯಲ್ಲಿ ಹೊಸ ಕುಣಿ ತೋಡಿಸಲು ಬಸ್ಸು ಹತ್ತಿ ಪಟಾನ್‌ಚೆರು ಕಡೆಗೆ ಹೋದಳು. ಅದೇ ಬೆಳಿಗ್ಗೆ, ಕಂಪನಿಯ ಹೊಸ ಕಟ್ಟಡದ ಉದ್ಘಾಟನೆಗೆ ಬರಬೇಕಿದ್ದ ದೊಡ್ಡವರು ಗೊತ್ತಾದ ದಿನಕ್ಕಿಂತ ಮೊದಲೇ ಬರುತ್ತಾರೆಂದು ಸುದ್ದಿ ಬಂತು. ರಸ್ತೆ ಬೇಗ ತೆರವಾಗಬೇಕು. ಗುತ್ತಿಗೆದಾರ ಎಲ್ಲಿಂದಲೋ ಇನ್ನೊಂದು ಜೆಸಿಬಿ ತರಿಸಿದ. ಅದರ ಡ್ರೈವರು ಬಿಹಾರದ ಕಡೆಯವನು, ಆ ಜಾಗಕ್ಕೆ ಅವತ್ತೇ ಬಂದವನು. ಅವನಿಗೆ ಜೀಪಿನಲ್ಲಿದ್ದ ಹಳೆಯ ಪ್ರಿಂಟು ತೋರಿಸಿದರು.

ಖಾನಾವಳಿಯ ಹೆಂಗಸರು ಓಡಿಬಂದು ಯಂತ್ರದ ಮುಂದೆ ನಿಂತು ಕೂಗಿದರು. “ಏ ನಿಂದ್ರಸೋ, ಅಲ್ಲಿ ಅವ್ವ ಅದಾಳ, ಅಲ್ಲಿ ಅವ್ವ ಅದಾಳ!” ಯಂತ್ರದ ಸದ್ದಿನಲ್ಲಿ ಅವನಿಗೆ ಏನೂ ಕೇಳಿಸಲಿಲ್ಲ, ಕೇಳಿಸಿದ್ದರೂ ಆ ಭಾಷೆ ತಿಳಿಯುತ್ತಿರಲಿಲ್ಲ. ಅಗಲೀಕರಣದಲ್ಲಿ ಎದೆ ಬಡಿದುಕೊಂಡು ಅಳುವ ಹೆಂಗಸರು ಅವನಿಗೆ ಹೊಸಬರಲ್ಲ. ಕೂಲಿಗಳು ಅವರನ್ನು ಬದಿಗೆ ಎಳೆದು ನಿಲ್ಲಿಸಿದರು. ಪಕ್ಕದ ಅಂಗಡಿಯಿಂದ ಯಾರೋ ನನಗೆ ಫೋನು ಮಾಡಿದರು. ಆಟೋ ಹಿಡಿದು ನಾನು ಹೋಗಿ ಇಳಿದಾಗ ಅಲ್ಲಿ ನೆಲ ಸಮತಟ್ಟಾಗಿತ್ತು. ಮೇಲಿನ ಸಡಿಲ ಮಣ್ಣನ್ನೆಲ್ಲ ಆಳದವರೆಗೆ ಬಗೆದು ಟಿಪ್ಪರಿಗೆ ತುಂಬಿ ಕಳಿಸಿ, ಜಲ್ಲಿ ಸುರಿಯುತ್ತಿದ್ದರು. ಡ್ರೈವರು ಯಂತ್ರದ ನೆರಳಲ್ಲಿ ಕೂತು ಊಟದ ಡಬ್ಬಿ ಬಿಚ್ಚಿದ್ದ. “ಚಬೂತ್ರಾ ಥಾ ಸಾಬ್, ನಿಕಾಲ್ ದಿಯಾ” ಎಂದ, ಕಟ್ಟೆ ಇತ್ತು, ತೆಗೆದೆ ಎಂದು. ಅದರೊಳಗೆ ಯಾರಿದ್ದರೆಂದು ಹೇಳಿದೆ. ಅವನು ಡಬ್ಬಿ ಮುಚ್ಚಿ, ಎರಡೂ ಕಿವಿ ಹಿಡಿದುಕೊಂಡು, ಕುಕ್ಕರಗಾಲಿನಲ್ಲಿ ಕೂತುಬಿಟ್ಟ. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ನೀಲಮ್ಮ ಬಸ್ಸಿಳಿದು ಬಂದದ್ದು ಆಮೇಲೆ. ಕಾಲಿಗೆ ಹಸಿ ಮಣ್ಣು ಮೆತ್ತಿತ್ತು. ನಾನು ದೂರದಲ್ಲಿ ನಿಂತಿರುವುದನ್ನು ಕಂಡು, “ಕಾಕಾ, ನೀವ್ಯಾಕ ಬರಾಕ ಹೋದ್ರಿ? ಜಾಗಾ ಭಾಳ ಛಲೋ ಸಿಕ್ಕೈತಿ, ಕುಣೀನೂ ತಯಾರಾತು” ಎಂದು ನಗುತ್ತ ಹತ್ತಿರ ಬಂದಳು. ನನ್ನ ಹಿಂದೆ ನಿಂತ ಹೆಂಗಸರನ್ನು ನೋಡಿದಳು. ಅವರ ಹಿಂದಿನ ಜಲ್ಲಿಯನ್ನು ನೋಡಿದಳು. ಆಮೇಲೆ ಅವಳ ಗಂಟಲಿನಿಂದ ಬಂದ ಸದ್ದನ್ನು ನಾನು ಬರೆಯಲಾರೆ.

ಟಿಪ್ಪರುಗಳು ಎಲ್ಲಿಗೆ ಹೋದವೆಂದು ಕೇಳಿಕೊಂಡು ಇಬ್ಬರೂ ಆಟೋದಲ್ಲಿ ಅಲೆದೆವು. ತಗ್ಗು ತುಂಬಲು ಮಣ್ಣು ಬೇಕೆಂದವರಿಗೆಲ್ಲ ಕಳಿಸಿದ್ದರು. ಒಂದು ಅಪಾರ್ಟ್‌ಮೆಂಟಿನ ತಳಪಾಯ, ಒಂದು ಕೆರೆಯಂಚು, ಒಂದು ಕಂಪನಿಯ ಆವರಣ. ಕಂಪನಿಯ ಗೇಟಿನಲ್ಲಿ ಕಾವಲುಗಾರ ಬಿಲ್ಲೆ ಇಲ್ಲದೆ ಬಿಡುವುದಿಲ್ಲ ಎಂದ. ದಿನಾ ಅವಳ ರೊಟ್ಟಿಯ ಗಾಡಿ ಒಳಗೆ ಹೋಗುತ್ತಿದ್ದ ಗೇಟು ಅದು. ನನ್ನ ಕಚೇರಿಯ ಗುರುತು ಚೀಟಿ ತೋರಿಸಿ, ಕೂಗಾಡಿ ಒಳಗೆ ಹೋದೆವು. ಹೊಸ ಹುಲ್ಲುಹಾಸಿಗೆಂದು ಹರವಿದ ಮಣ್ಣಿನ ಮೇಲೆ ರೋಲರು ಓಡಿಯಾಗಿತ್ತು. ನೀಲಮ್ಮ ಸೆರಗು ಒಡ್ಡಿಕೊಂಡು ಬಗ್ಗಿದವಳು ಹಾಗೆಯೇ ನಿಂತಳು. “ಯಾವ ಮಣ್ಣಂತ ಹಿಡೀಲಿ ಕಾಕಾ?” ಎಂದಳು. ನನಗೆ ಅಳು ತಡೆಯಲಾಗಲಿಲ್ಲ. ಅವಳು ಅಳಲಿಲ್ಲ, ಬರಿಯ ಸೆರಗನ್ನು ಕೊಡವಿ ಹೊರಗೆ ನಡೆದಳು.

ಸೋಮವಾರ ಸ್ವಾಮಿಗಳು ಬಂದೇಬಂದರು. ವಯಸ್ಸಾದವರು, ಒಳ್ಳೆಯ ಮನುಷ್ಯರು. ವಿಷಯ ಕೇಳಿ, “ತಾಯೀ, ಲಿಂಗದೊಳಗ ಬೆರೆತಾಕಿಗೆ ಎಲ್ಲಾ ಮಣ್ಣೂ ಒಂದ” ಎಂದರು.

“ಅಕಿಗೆ ಒಂದ ಇರಬಹುದ್ರಿ ಅಪ್ಪಾರ, ನನಗಲ್ಲ” ಎಂದಳು ನೀಲಮ್ಮ. ತೋಡಿದ ಕುಣಿಯನ್ನು ತೆರೆದು ಬಿಡಬಾರದೆಂದು ಸ್ವಾಮಿಗಳು ಪಟಾನ್‌ಚೆರುವಿಗೆ ಹೋಗಿ ಅದನ್ನು ಬರಿದಾಗಿಯೇ ಮುಚ್ಚಿಸಿ ಬಂದರು.

ಕಚೇರಿಯಲ್ಲಿ ವಿಚಾರಣೆ ನಡೆಯಿತು. ನಕ್ಷೆಯಲ್ಲಿ ಕಟ್ಟೆ ಎಂದಿತ್ತು ಎಂದ ಗುತ್ತಿಗೆದಾರ. ಹಿಂದೂಗಳ ಸಮಾಧಿ ಇರುತ್ತದೆಂದು ನಮಗೆ ಯಾರೂ ಹೇಳಲಿಲ್ಲ ಎಂದರು ಅಳತೆಯವರು. ಫೋನು ಮಾಡಿದ್ದೆ ಎಂದರು ರಾವ್ ಸಾಹೇಬರು. ಎಲ್ಲರ ಕಾಗದವೂ ಸರಿಯಾಗಿತ್ತು, ಯಾರ ಕೂದಲೂ ಕೊಂಕಲಿಲ್ಲ. ನಾನು ನನ್ನ ಜೀವಮಾನದಲ್ಲಿ ಮೊದಲ ಸಲ ಮೇಲಧಿಕಾರಿಯ ಮೇಜು ಗುದ್ದಿ ಮಾತಾಡಿದೆ. ರಾವ್ ಸಾಹೇಬರು ಕಣ್ಣು ಒರೆಸಿಕೊಂಡರು, ಅಷ್ಟೇ. ಅವರ ಕಣ್ಣೀರನ್ನು ಕಟ್ಟಿಕೊಂಡು ನಾನೇನು ಮಾಡಲಿ?

ಕೆಲವು ವಾರಗಳ ಮೇಲೆ ನೀಲಮ್ಮ ಮತ್ತೆ ಕಚೇರಿಗೆ ಬಂದಳು. ಬೈಯಲು ಬಂದಳೆಂದುಕೊಂಡೆ, ಬೈಸಿಕೊಳ್ಳಲು ತಯಾರಾಗಿಯೇ ಕೂತೆ. ಅವಳು ನಿಂತುಕೊಂಡೇ ಹೇಳಿದಳು: “ಆ ಹೆಸರು ಹಚ್ಚಿಬಿಡ್ರಿ ಕಾಕಾ.”

“ನೀ ಬ್ಯಾಡ ಅಂದಿದ್ದೆಲ್ಲ ತಂಗಿ?”

“ಆವಾಗ ಅವ್ವ ಇದ್ಳು. ಈಗ ಇಂಥಲ್ಲಿ ಅದಾಳ ಅಂತ ತೋರಿಸಾಕ ನನಗ ಏನೂ ಉಳದಿಲ್ಲ. ಅದೊಂದರ ಇರ್ಲಿ.”

ಕಡತ ಸರಸರ ಮುಂದೆ ಹೋಯಿತು, ಮುಖಂಡರಿಗೂ ಬೇಕಾಗಿತ್ತು, ಕಂಪನಿಗೂ ಬೇಕಾಗಿತ್ತು. ತೆಲುಗು, ಉರ್ದು, ಇಂಗ್ಲಿಷಿನಲ್ಲಿ ‘ಶರಣಮ್ಮ ರಸ್ತೆ’ ಎಂದು ಬರೆದ ಫಲಕ ಬಂತು. ಕನ್ನಡಕ್ಕೆ ಅದರಲ್ಲಿ ಜಾಗವಿರಲಿಲ್ಲ. ಅಂಥ ಫಲಕವನ್ನು ರಸ್ತೆಯ ಮೂಲೆಯಲ್ಲಿ ನೆಡುವುದು ಕ್ರಮ. ನಾನು ನಕ್ಷೆಯಲ್ಲಿ ಅದನ್ನು ಒಳಗೆ ಸರಿಸಿ, ಗದ್ದುಗೆ ಇದ್ದ ಜಾಗಕ್ಕೆ ಎಷ್ಟು ಹತ್ತಿರವಾಗುತ್ತದೋ ಅಷ್ಟು ಹತ್ತಿರ, ಕಾಲುದಾರಿಯ ಮೇಲೆ ಗುರುತು ಹಾಕಿದೆ. ಈ ಸಲ ಎಲ್ಲ ಪ್ರಿಂಟುಗಳನ್ನೂ ನಾನೇ ಕೈಯಾರೆ ತಿದ್ದಿ, ಗುತ್ತಿಗೆದಾರನ ಜೀಪಿಗೂ ಹೋಗಿ ತಿದ್ದಿ ಬಂದೆ. ಅಂಬಿಕಾ, ನೀನೂ ಹಾಗೆಯೇ ಮಾಡು, ಯಾರು ನಕ್ಕರೂ ಸರಿ.

ಫಲಕದ ಸಮಾರಂಭಕ್ಕೆ ದಿನ ಗೊತ್ತಾಯಿತು. ಅದರ ಹಿಂದಿನ ದಿನ ಬೆಳಿಗ್ಗೆ ನಮ್ಮ ಕೂಲಿಗಳು ಕಂಬಕ್ಕೆ ಗುಂಡಿ ತೋಡಿ, ಬಾಂಡ್ಲಿಗಳಲ್ಲಿ ಕಾಂಕ್ರೀಟು ಕಲಸಿ ಇಟ್ಟುಕೊಂಡಿದ್ದರು. ಆಗ ನೀಲಮ್ಮ ಬಂದಳು, ಜೊತೆಗೆ ಆ ಸ್ವಾಮಿಗಳು, ಹಿಂದೆ ಖಾನಾವಳಿಯ ಹೆಂಗಸರು. ನಾನು ಅವರನ್ನು ಕರೆದಿರಲಿಲ್ಲ. ನೀಲಮ್ಮ ಗುಂಡಿಯ ಬಳಿ ಕೂತು, ಎಂಜಿನಿಯರರು ಹೇಳಿದ್ದಕ್ಕಿಂತ ಇನ್ನೂ ಆಳ ತೋಡಲು ಹೇಳಿದಳು. ಮೇಸ್ತ್ರಿ ನನ್ನ ಮುಖ ನೋಡಿದ. ತೋಡು ಎಂದೆ. ಅವಳು ಅದರ ತಳದಲ್ಲಿ ವಿಭೂತಿಯ ಗಟ್ಟಿಗಳನ್ನು ಒಂದೊಂದಾಗಿ ಇಟ್ಟಳು. ಮೇಲೆ ಬಿಲ್ವಪತ್ರೆ ಹಾಸಿದಳು. ಅವ್ವನ ಹಳೆಯ ಇಳಕಲ್ ಸೀರೆಯ ಸೆರಗನ್ನು ಮಡಿಸಿ, ಕೂತವರ ಮಡಿಲಲ್ಲಿ ಇಡುವಂತೆ ಮೆಲ್ಲಗೆ ಇಟ್ಟಳು. ಸ್ವಾಮಿಗಳು ಮಂತ್ರ ಹೇಳಿದರು. ಹೆಂಗಸರು ಒಬ್ಬೊಬ್ಬರಾಗಿ ಒಂದೊಂದು ಹಿಡಿ ಮಣ್ಣು ಹಾಕಿದರು, ಕೊನೆಗೆ ನಾನೂ ಹಾಕಿದೆ. ಗುತ್ತಿಗೆದಾರನ ಮನುಷ್ಯ ತಡವಾಗುತ್ತಿದೆ ಎಂದು ಏನೋ ಹೇಳಲು ಬಾಯಿ ತೆರೆದ. ಮೇಸ್ತ್ರಿಯೇ ಅವನನ್ನು ಕೈಸನ್ನೆ ಮಾಡಿ ಸುಮ್ಮನಿರಿಸಿದ.

“ಹ್ಞೂಂ, ಈಗ ಮುಚ್ರಿ” ಎಂದಳು ನೀಲಮ್ಮ.

ಕಂಬ ಇಳಿಸಿ ಕಾಂಕ್ರೀಟು ತುಂಬಿದರು. ಆಸರೆಗೆ ಕಟ್ಟಿಗೆ ಕೊಡುತ್ತೇವೆ, ನೀವು ನಡೆಯಿರಿ ಅಮ್ಮಾ ಎಂದ ಮೇಸ್ತ್ರಿ. ಅವಳು ಕೇಳಲಿಲ್ಲ. ಕಾಂಕ್ರೀಟು ಬಿಗಿಯುವವರೆಗೆ, ಕಂಬ ಒಂದಿಷ್ಟೂ ವಾಲದಂತೆ, ಎರಡೂ ಕೈಯಿಂದ ಅದನ್ನು ಹಿಡಿದುಕೊಂಡು ಬಿಸಿಲಿನಲ್ಲಿ ನಿಂತೇ ಇದ್ದಳು.